ಓದುಗನ ತಾಳ್ಮೆ ಬೇಡುವ ಒಂದು ತೆಲುಗು ಕಾದಂಬರಿ



ಗಡಿಯಲ್ಲಿ ಬಾಳುವ ನಮಗೆ ತೊಂದರೆಗಳು ಹಲವು. ಆದರೆ ಒಂದು ಅನುಕೂಲವೂ ಉಂಟು. ಮನೆಯೊಳಗೆ ಕನ್ನಡ, ಹೊರಗೆ ಸಂತೆಯಲ್ಲಿ ತೆಲುಗು. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಧಾರಣೆ ಕೇಳುವುದು ಒಂದು ಭಾಷೆಯಲ್ಲಿ, ಅದು ಕಡಿಮೆಯಾಯಿತೆಂದು ಗೊಣಗುವುದು ಇನ್ನೊಂದರಲ್ಲಿ. ಹೀಗಾಗಿ ಎರಡು ಸಾಹಿತ್ಯಗಳ ಬಾಗಿಲು ನಮಗೆ ತೆರೆದೇ ಇದೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿರುವುದನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಇಷ್ಟವಾಗದ್ದನ್ನು ಇಷ್ಟವಾಗಲಿಲ್ಲ ಎಂದು ಹೇಳುವ ಹಕ್ಕೂ ಓದುಗನಿಗಿದೆ. ಆ ಹಕ್ಕಿನ ಮೇಲೆ ಈ ಹೊತ್ತು ಒಂದು ಹೆಸರಾಂತ ತೆಲುಗು ಕಾದಂಬರಿಯ ಬಗೆಗೆ ನಾಲ್ಕು ಮಾತು ಹೇಳುತ್ತೇನೆ.

ಕಾದಂಬರಿಯ ಹೆಸರು ‘ಚಿವರಕು ಮಿಗಿಲೇದಿ’. ಕನ್ನಡದಲ್ಲಿ ಹೇಳುವುದಾದರೆ ‘ಕೊನೆಗೆ ಉಳಿಯುವುದು’. ಬರೆದವರು ಬುಚ್ಚಿಬಾಬು. ಅದು ಅವರ ಕಾವ್ಯನಾಮ. ನಿಜವಾದ ಹೆಸರು ಶಿವರಾಜು ವೆಂಕಟ ಸುಬ್ಬಾರಾವು. 1916ರಲ್ಲಿ ಏಲೂರಿನಲ್ಲಿ ಹುಟ್ಟಿದವರು. ಕೆಲವು ಕಾಲ ಅನಂತಪುರದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 1945ರಲ್ಲಿ ಆಕಾಶವಾಣಿ ಸೇರಿದರು. 1967ರಲ್ಲಿ ತೀರಿಕೊಂಡರು. ಈ ಕಾದಂಬರಿ 1946ರ ಸುಮಾರಿಗೆ ‘ನವೋದಯ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು, ಆಮೇಲೆ ಪುಸ್ತಕವಾಯಿತು. ತೆಲುಗಿನ ಶ್ರೇಷ್ಠ ಕಾದಂಬರಿಗಳ ಪಟ್ಟಿ ಯಾರು ಮಾಡಿದರೂ ಇದಕ್ಕೆ ಅಲ್ಲೊಂದು ಮಣೆ ಹಾಕಿಯೇ ಇರುತ್ತಾರೆ.

ನನಗೆ ಅದು ನಿರಾಸೆ ತಂದಿತು. ನಿರಾಸೆ ಎಂದರೆ ಪುಸ್ತಕವನ್ನು ಮೂಲೆಗೆ ಎಸೆಯುವಂಥದ್ದಲ್ಲ. ಇಷ್ಟು ದೂರ ನಡೆಸಿಕೊಂಡು ಬಂದವನು ಮನೆಯ ಬಾಗಿಲ ಮುಂದೆ ನಿಲ್ಲಿಸಿ ಒಳಗೆ ಕರೆಯದೆ ಹೋದರೆ ಹೇಗಾಗುತ್ತದೆ, ಅಂಥ ನಿರಾಸೆ.

ಕಥೆ ಹೀಗಿದೆ. ದಯಾನಿಧಿ ವೈದ್ಯಕೀಯ ಓದಿದ ಯುವಕ. ಅವನ ತಾಯಿಯ ಬಗೆಗೆ ಊರಲ್ಲಿ ಕೆಟ್ಟ ಮಾತಿದೆ. ಗಂಡನಿದ್ದೂ ಪರಪುರುಷನ ಕಡೆ ಮನಸ್ಸು ಕೊಟ್ಟವಳು ಎಂಬ ಮಾತು. ಆ ಮಾತು ಮಗನನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಅವನು ಯಾವ ಹೆಣ್ಣಿನ ಹತ್ತಿರ ಹೋದರೂ ಆ ನೆರಳು ಅವನಿಗಿಂತ ಮೊದಲು ಹೋಗಿ ಕೂತಿರುತ್ತದೆ. ಕೋಮಲಿ ಎಂಬ ಬಡ ಹುಡುಗಿಯ ಮೇಲೆ ಅವನಿಗೆ ಮೋಹ. ಸುಶೀಲ ಎಂಬ ನೆಂಟರ ಹುಡುಗಿಯ ಮಾತು ಬಂದು ಹೋಗುತ್ತದೆ. ಇಂದಿರೆಯೊಂದಿಗೆ ಮದುವೆಯಾಗುತ್ತದೆ, ಸಂಸಾರ ಹೂಡುವುದಿಲ್ಲ. ಆಕೆ ಕೊನೆಗೆ ಸಾಯುತ್ತಾಳೆ. ಅಮೃತಂ ಎಂಬ ಬಂಧುವರ್ಗದ ಹೆಂಗಸು, ಮದುವೆಯಾದವಳು, ಒಂದು ರಾತ್ರಿ ಅವನಿಗೆ ಒಲಿಯುತ್ತಾಳೆ. ನಡುವೆ ಅವನು ನಮ್ಮ ರಾಯಲಸೀಮೆಗೆ ಬರುತ್ತಾನೆ. ವಜ್ರ ಸಿಗುತ್ತದೆ, ಐಶ್ವರ್ಯ ಬರುತ್ತದೆ. ಹೊರಗಿನಿಂದ ಬಂದವನೆಂಬ ಅಸಮಾಧಾನವೂ ಅವನ ಸುತ್ತ ಎದ್ದ ಅಪವಾದವೂ ಸೇರಿ ಅದೆಲ್ಲ ಬೂದಿಯಾಗುತ್ತದೆ. ಕೊನೆಯಲ್ಲಿ ಅವನ ಜೊತೆ ಇರುವವಳು ಕೋಮಲಿ.

ಹೀಗೆ ಹೇಳಿದರೆ ಬಹಳ ನಡೆದಂತೆ ಕಾಣುತ್ತದೆ. ಓದುವಾಗ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ದಯಾನಿಧಿ ಒಂದು ಕಡೆ ಕೂಡುತ್ತಾನೆ, ಯೋಚಿಸುತ್ತಾನೆ. ಆಕಾಶ ನೋಡುತ್ತಾನೆ, ಮತ್ತೆ ಯೋಚಿಸುತ್ತಾನೆ. ಒಬ್ಬಳು ಹೆಂಗಸು ಬಂದು ಎರಡು ಮಾತಾಡಿ ಹೋದರೆ, ಆ ಎರಡು ಮಾತಿನ ಹಿಂದೆ ಅವನ ಮನಸ್ಸು ಪುಟಗಟ್ಟಲೆ ಅಲೆಯುತ್ತದೆ. ಪ್ರೇಮವೆಂದರೇನು, ದ್ವೇಷವೆಂದರೇನು, ಬದುಕಿಗೆ ಅರ್ಥವುಂಟೆ, ಹೀಗೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಒಬ್ಬರು ಕಾದಂಬರಿ ಓದಿದರೆ ನಾಲ್ವರು ಕೂತು ಕೇಳುತ್ತಿದ್ದುದುಂಟು, ಹತ್ತಿ ಬಿಡಿಸುತ್ತಲೋ ಕಡಲೆಕಾಯಿ ಒಡೆಯುತ್ತಲೋ. ಈ ಪುಸ್ತಕವನ್ನು ಹಾಗೆ ಓದಲಾಗದು. ಮೂರನೆಯ ಪುಟಕ್ಕೆ ಒಬ್ಬರು ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಾರೆ. ತಿರುಗಿ ಬಂದಾಗ ದಯಾನಿಧಿ ಅಲ್ಲೇ ಕೂತಿರುತ್ತಾನೆ!

ಅಂದ ಹಾಗೆ, ಇದನ್ನು ಬರೆದವರು ರೇಡಿಯೋದವರು ಎಂಬುದು ಸೋಜಿಗ. ಹತ್ತು ನಿಮಿಷದಲ್ಲಿ ಕೇಳುಗನನ್ನು ಹಿಡಿಯಬೇಕು, ಇಲ್ಲದಿದ್ದರೆ ಅವನು ಗುಂಡಿ ತಿರುಗಿಸಿ ಹಾಡಿನ ಕಡೆಗೆ ಹೋಗುತ್ತಾನೆ ಎಂಬುದು ಇಲ್ಲಿನ ಮೊದಲ ಪಾಠ. ಆ ನಿಯಮ ಮನೆಗೆ ಹೋದ ಮೇಲೆ ಅವರಿಗೆ ಬೇಡವಾಯಿತೇನೋ.

ಆದರೆ ನಿಧಾನವೇ ದೋಷ ಎಂದು ನಾನು ಹೇಳಲಾರೆ. ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ದೇಜಗೌ ಅವರಿಂದ ಕನ್ನಡಕ್ಕೆ ಬಂದಿದೆ. ಅದೂ ಗಂಡನನ್ನು ಬಿಟ್ಟು ಹೋದ ಹೆಂಗಸಿನ ಕಥೆ, ಅದೂ ನಿಧಾನ, ಗಾತ್ರದಲ್ಲಂತೂ ದಿಂಬಿನಷ್ಟು. ಫ್ರಾನ್ಸಿನ ಫ್ಲೋಬೇರ್ ಬರೆದ ‘ಮದಾಂ ಬೊವಾರಿ’ಯೂ ಅಷ್ಟೆ. ಒಬ್ಬ ಹಳ್ಳಿ ವೈದ್ಯನ ಹೆಂಡತಿಯ ಬೇಸರ, ಸಾಲ, ಗುಟ್ಟಿನ ಓಡಾಟ. ಅದರ ಮೇಲೆ 1857ರಲ್ಲಿ ಪ್ಯಾರಿಸಿನಲ್ಲಿ ಮೊಕದ್ದಮೆಯೇ ನಡೆಯಿತು, ಲೇಖಕ ಬಿಡುಗಡೆಯಾದ. ಈ ಎರಡರಲ್ಲೂ ಎತ್ತಿನ ಬಂಡಿಯ ನಡಿಗೆಯೇ. ಆದರೆ ಬಂಡಿಯಲ್ಲಿ ಆ ಹೆಂಗಸು ಕೂತಿದ್ದಾಳೆ. ಅವಳ ಮುಖ ಕಾಣುತ್ತದೆ, ಅವಳ ತಲೆನೋವು ತಿಳಿಯುತ್ತದೆ, ಅವಳು ಏಕೆ ಹಾಗೆ ಮಾಡಿದಳೆಂದು ಒಪ್ಪದವನಿಗೂ ಅರ್ಥವಾಗುತ್ತದೆ. ಬುಚ್ಚಿಬಾಬು ಅವರ ಬಂಡಿಯಲ್ಲಿ ಕೂತಿರುವವನು ಮಗ. ತಾಯಿ ಕಥೆಯ ಮೊದಲ ಭಾಗದಲ್ಲೇ ಮರೆಯಾಗುತ್ತಾಳೆ. ಅವಳು ಏನು ಮಾಡಿದಳು, ಏಕೆ ಮಾಡಿದಳು, ಮಾಡಿದ್ದು ನಿಜವೇ, ಇದು ಕೊನೆಯವರೆಗೂ ಬಿಡಿಸಿ ಹೇಳದ ಒಗಟು.

ಇದು ಲೇಖಕರು ಬೇಕೆಂದೇ ಮಾಡಿದ್ದು ಎಂದು ಪಂಡಿತರು ಹೇಳುತ್ತಾರೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ಟನನ್ನು ನೆನಪಿಸುತ್ತಾರೆ. ಅಲ್ಲಿಯೂ ತಾಯಿಯ ನಡತೆ ಮಗನನ್ನು ತಿನ್ನುತ್ತದೆ, ಅವನೂ ಯೋಚಿಸುತ್ತ ಕೂಡುತ್ತಾನೆ. ಆ ನಾಟಕವನ್ನು ಕುವೆಂಪು ಅವರು ಬಿದನೂರಿನ ಕಥೆಗೆ ಹೊಂದಿಸಿ ‘ರಕ್ತಾಕ್ಷಿ’ ಎಂದು ಬರೆದಿದ್ದು ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಹೋಲಿಕೆ ಸರಿಯೇ. ಆದರೆ ಹ್ಯಾಮ್ಲೆಟ್ ನಾಟಕದಲ್ಲಿ ತಾಯಿ ರಂಗದ ಮೇಲೆ ಇದ್ದಾಳೆ, ಮಗನಿಗೆ ಎದುರು ನಿಂತು ಉತ್ತರ ಕೊಡುತ್ತಾಳೆ.

ಈ ಒಂದು ಅಂಶಕ್ಕೆ ನಾನು ಇಷ್ಟು ಅಂಟಿಕೊಳ್ಳಲು ಕಾರಣವಿದೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ನಾವು ಕನ್ನಡದಲ್ಲಿ ಹೇಳುತ್ತೇವೆ. ತೆಲುಗಿನಲ್ಲಿ ‘ಆವು ಚೇಲೋ ಮೇಸ್ತೇ ದೂಡ ಗಟ್ಟುನ ಮೇಸ್ತುಂದಾ’ ಎಂದು ಕೇಳುತ್ತಾರೆ. ಹಸು ಹೊಲದೊಳಗೆ ಮೇದರೆ ಕರು ಬದುವಿನ ಮೇಲೆ ಮೇಯುತ್ತದೆಯೇ ಎಂದು. ಎರಡು ಭಾಷೆ, ಮಾತು ಒಂದೇ. ಮದುವೆಯ ಮಾತುಕತೆಯಲ್ಲಿ ಈ ಎರಡು ಗಾದೆಗಳಿಗೆ ಎಷ್ಟು ಕೆಲಸವಿದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಸಿರುಗುಪ್ಪದ ಕಡೆಯಿಂದ ಹೊಳಗುಂದಕ್ಕೆ ಹೆಣ್ಣು ನೋಡಲು ಬಂದವರು ಹೊಲ ಎಷ್ಟು, ಬೋರು ಉಂಟೆ ಎಂದು ಎದುರಿಗೆ ಕೇಳುತ್ತಾರೆ. ತಾಯಿ ಹೇಗೆ ಎಂದು ಮಾತ್ರ ಬಸ್‌ ನಿಲ್ದಾಣದ ಚಹದಂಗಡಿಯಲ್ಲಿ ಕೇಳುತ್ತಾರೆ. ಅಲ್ಲಿ ಯಾರೋ ಒಬ್ಬ ಬಾಯಿ ಬಿಡದೆ ಸುಮ್ಮನೆ ನಕ್ಕರೆ ಸಾಕು, ಸಂಬಂಧ ಮುರಿಯಿತು. ಏನು ನಡೆಯಿತೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವಳನ್ನಂತೂ ಕೇಳುವುದೇ ಇಲ್ಲ.

ಇನ್ನೊಂದು ಮಾತು. ಮಳೆ ಕೈಕೊಟ್ಟ ವರ್ಷ ಕೋಸಗಿ, ಕೌತಾಳಂ, ಹೊಳಗುಂದ ಕಡೆಯ ಹಳ್ಳಿಗಳಿಂದ ಜನ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಕೀಳಲು ಹೋಗುವುದು ನಮಗೆ ಹೊಸದಲ್ಲ. ಸುಗ್ಗಿಗೆ ಹೋಗುವುದು ಎನ್ನುತ್ತೇವೆ. ಎಷ್ಟೋ ಮನೆಗಳಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಅಜ್ಜಿಯ ಹತ್ತಿರ. ತಿಂಗಳುಗಳ ಮೇಲೆ ಹಿಂತಿರುಗಿ ಬಂದ ಹೆಣ್ಣುಮಗಳು ಹೊಸ ಸೀರೆ ಉಟ್ಟರೂ ಕಟ್ಟೆಯ ಮೇಲೆ ಮಾತು ಏಳುತ್ತದೆ, ಉಡದಿದ್ದರೂ ಏಳುತ್ತದೆ. ಗಂಡಸು ಅಲ್ಲಿ ಏನು ಮಾಡಿ ಬಂದ ಎಂದು ಯಾವ ಕಟ್ಟೆಯೂ ವಿಚಾರಿಸುವುದಿಲ್ಲ. ಆ ಮಾತುಗಳನ್ನು ಕೇಳುತ್ತ ಶಾಲೆಗೆ ಹೋಗುವ ಮಗು ಒಂದಿರುತ್ತದಲ್ಲ, ಅದೇ ದಯಾನಿಧಿ. ಬುಚ್ಚಿಬಾಬು ಅವರು ಆ ಮಗುವಿನ ಮನಸ್ಸನ್ನು ಹಿಡಿದರು ಎಂಬುದು ದೊಡ್ಡ ಮಾತು, ನಾನು ಅಲ್ಲಗಳೆಯುವುದಿಲ್ಲ. ಅಪವಾದಕ್ಕೆ ಪುರಾವೆ ಬೇಡ, ಅದು ತಲೆಮಾರು ದಾಟಿ ಬರುತ್ತದೆ ಎಂಬುದನ್ನು ಇಷ್ಟು ಬಿಡದೆ ಹಿಂಬಾಲಿಸಿದ ಕಾದಂಬರಿ ನನಗೆ ಬೇರೆ ಸಿಕ್ಕಿಲ್ಲ. ನನ್ನ ತಕರಾರು ಇಷ್ಟೆ. ಊರು ಆ ತಾಯಿಯನ್ನು ಕೇಳಲಿಲ್ಲ, ಕಾದಂಬರಿಕಾರರೂ ಕೇಳಲಿಲ್ಲ. ಮಗನಂತೂ ಕೇಳಲೇ ಇಲ್ಲ. ತನಗೆ ಏನಾಯಿತು ಎಂಬುದರ ಸುತ್ತಲೇ ಅವನು ಗಾಣದ ಎತ್ತಿನಂತೆ ತಿರುಗುತ್ತಾನೆ.

ಹೆಂಗಸಿಗೆ ಬಾಯಿ ಕೊಟ್ಟವರು ತೆಲುಗಿನಲ್ಲೇ ಅವರಿಗಿಂತ ಮೊದಲು ಇದ್ದರು. ಚಲಂ ಅವರ ‘ಮೈದಾನಂ’ 1927ರದು. ಅಲ್ಲಿ ವಕೀಲನ ಹೆಂಡತಿ ರಾಜೇಶ್ವರಿ ಅಮೀರನೊಂದಿಗೆ ಮನೆ ಬಿಟ್ಟು ಹೋಗುತ್ತಾಳೆ, ಹೋದ ಕಥೆಯನ್ನು ‘ನಾನು’ ಎಂದು ತಾನೇ ಹೇಳುತ್ತಾಳೆ. ಆ ಪುಸ್ತಕದ ಧೋರಣೆ ಎಲ್ಲರಿಗೂ ರುಚಿಸದು. ಮನೆಯ ಹಿರಿಯರು ಅದನ್ನು ಹಾಸಿಗೆಯ ಕೆಳಗಿಟ್ಟು ಓದುತ್ತಿದ್ದರೆಂದರೆ ನಾನು ನಂಬುತ್ತೇನೆ. ಆದರೆ ತೆಳ್ಳಗಿನ ಪುಸ್ತಕ, ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ, ರಾಜೇಶ್ವರಿ ಯಾರೆಂದು ಕೊನೆಗೆ ನಿಮಗೆ ಗೊತ್ತಿರುತ್ತದೆ.

ನಮ್ಮ ಕನ್ನಡದಲ್ಲಿ ಇನ್ನೂ ಹಿಂದಕ್ಕೆ ಹೋದರೆ ಜನ್ನನ ‘ಯಶೋಧರ ಚರಿತೆ’ ಇದೆ, 1209ರ ಕಾವ್ಯ. ರಾಣಿ ಅಮೃತಮತಿ ನಡುರಾತ್ರಿ ಒಂದು ಹಾಡು ಕೇಳಿ, ಹಾಡಿದವನು ಕುರೂಪಿಯಾದ ಮಾವುತನೆಂದು ಗೊತ್ತಾದ ಮೇಲೂ, ಮನಸ್ಸು ಕೊಡುತ್ತಾಳೆ. ರಾಜ ಹಿಂಬಾಲಿಸಿ ಹೋಗಿ ಕಣ್ಣಾರೆ ನೋಡುತ್ತಾನೆ. ಕವಿಗೆ ಅವಳ ಮೇಲೆ ಕರುಣೆ ಇಲ್ಲ, ಅವನಿಗೆ ಹೇಳಬೇಕಾದದ್ದು ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪದ ಪಾಪವನ್ನು. ಆದರೂ ಮುನ್ನೂರು ಚಿಲ್ಲರೆ ಪದ್ಯಗಳಲ್ಲಿ ಆ ರಾತ್ರಿ, ಆ ಹಾಡು, ಆ ಹೆಂಗಸು ಕಣ್ಣಿಗೆ ಕಟ್ಟುತ್ತವೆ. ತೆಲುಗಿನ ಅಮೃತಂ, ಕನ್ನಡದ ಅಮೃತಮತಿ: ಹೆಸರಿನ ಹೋಲಿಕೆ ಕಾಕತಾಳೀಯವೇ ಇರಬೇಕು, ಅದರ ಮೇಲೆ ನಾನು ಮಾಳಿಗೆ ಕಟ್ಟುವುದಿಲ್ಲ.

ಸಿನಿಮಾ ನೋಡಿದವರಿಗೆ ಒಂದು ಮಾತು. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರ ಮಾಡಿದರು. ಕಲ್ಪನಾ ಅವರ ಕಾವೇರಿಯನ್ನು ಮರೆತವರುಂಟೆ? ಅದೇ ಕಥೆ 1974ರಲ್ಲಿ ವಾಣಿಶ್ರೀ ಅವರ ‘ಕೃಷ್ಣವೇಣಿ’ಯಾಗಿ ತೆಲುಗಿಗೆ ಬಂದಿತು. ಅಲ್ಲಿ ದಾರಿ ತಪ್ಪಿದವನು ಗಂಡ. ಹುಚ್ಚಿ ಎನಿಸಿಕೊಂಡವಳು ಹೆಂಡತಿ. ಅವಳು ಚಿತ್ರದುದ್ದಕ್ಕೂ ಮಾತಾಡುತ್ತಾಳೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೊಟ್ಟಿಗೆಯಲ್ಲಿ ಕಣ್ಣೀರು ಒರೆಸಿಕೊಳ್ಳುವ ನಮ್ಮ ತಾಯಂದಿರು ಆ ಚಿತ್ರಕ್ಕೆ ಏಕೆ ಅಷ್ಟು ಅತ್ತರೆಂಬುದು ತಿಳಿಯದ ಸಂಗತಿಯಲ್ಲ.

ಕಾನೂನಿನ ಮಾತೂ ಬಂತು ಎನ್ನಿ. 1860ರ ದಂಡಸಂಹಿತೆಯ 497ನೆಯ ಕಲಮು ಬಹಳ ಕಾಲ ಇತ್ತು. ಒಬ್ಬನ ಹೆಂಡತಿಯನ್ನು ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಗಂಡಸಿಗೆ ಶಿಕ್ಷೆ. ದೂರು ಕೊಡುವ ಅಧಿಕಾರ ಗಂಡನಿಗೆ. ಹೆಂಡತಿಗೆ ಶಿಕ್ಷೆಯೂ ಇಲ್ಲ, ತನ್ನ ಗಂಡನ ಮೇಲೆ ದೂರುವ ಹಕ್ಕೂ ಇಲ್ಲ. ಕಳುವಾದ ದನದ ಮೇಲೆ ಮೊಕದ್ದಮೆ ನಡೆಸಿದ ಹಾಗೆ! 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ವ್ಯಭಿಚಾರ ಈಗ ವಿಚ್ಛೇದನಕ್ಕೆ ಕಾರಣವಾಗಬಹುದು, ಜೈಲಿಗೆ ಅಲ್ಲ. ಬುಚ್ಚಿಬಾಬು ಬರೆಯುವಾಗ ಹಳೆಯ ಕಾನೂನೇ ಇತ್ತು. ತಾಯಿ ಮೌನವಾಗಿರುವುದು ಆ ಕಾಲಕ್ಕೆ ತಕ್ಕದ್ದು ಎಂದು ಯಾರಾದರೂ ಲೇಖಕರ ಪರವಾಗಿ ವಾದಿಸಬಹುದು. ಆದರೆ ‘ಮೈದಾನಂ’ ಕೂಡ ಅದೇ ಕಾನೂನಿನ ಕಾಲದ್ದೇ.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ, ಏಕೆಂದರೆ ನಾನು ಪುಸ್ತಕವನ್ನು ಕೈಗೆತ್ತಿಕೊಂಡದ್ದೇ ಅದಕ್ಕಾಗಿ. ಕಾದಂಬರಿಯ ನಾಯಕ ವಜ್ರದ ನೆಲಕ್ಕೆ ಬರುತ್ತಾನೆ ಎಂದು ಕೇಳಿದಾಗ ಕಿವಿ ನೆಟ್ಟಗಾಗುವುದು ಸಹಜ. ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆ ಸುತ್ತಿನ ಹೊಲಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಏನಾಗುತ್ತದೆಂದು ನಿಮಗೆ ಗೊತ್ತು. ಮಣ್ಣು ತೊಳೆದು ಕಲ್ಲು ಮೇಲೆ ಬರುತ್ತದೆ. ಎಲ್ಲೆಲ್ಲಿಂದಲೋ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಬಿಸಿಲು ಬೀಳುವ ಕೋನ ನೋಡಿ ನಡೆಯುತ್ತಾರೆ, ಕಣ್ಣು ನೆಲದ ಮೇಲೆ, ಬಾಯಲ್ಲಿ ಮಾತಿಲ್ಲ. ಬಿತ್ತಬೇಕಾದ ರೈತ ಬದುವಿನ ಮೇಲೆ ನಿಂತು ನಮ್ಮ ಹೊಲ ತುಳಿಯಬೇಡಿರಪ್ಪಾ ಎಂದು ಕೂಗುತ್ತಾನೆ. ಒಬ್ಬನಿಗೆ ಕಲ್ಲು ಸಿಕ್ಕಿದರೆ ಸುದ್ದಿ ಹರಡುವ ಮೊದಲೇ ವ್ಯಾಪಾರಿ ಬಂದಿರುತ್ತಾನೆ. ಸಿಕ್ಕವನಿಗೆ ಎಷ್ಟು ಬಂತು, ಕೊಂಡವನಿಗೆ ಎಷ್ಟು ಉಳಿಯಿತು ಎಂಬುದು ಆ ಇಬ್ಬರಿಗೇ ಗೊತ್ತು. ಈ ಆಸೆ, ಈ ಗುಟ್ಟು, ಈ ಸಂಶಯ, ಇವೆಲ್ಲ ದಾಂಪತ್ಯದ್ರೋಹದ ಕಥೆಗೆ ಎಷ್ಟು ಚೆನ್ನಾಗಿ ಒದಗುತ್ತಿದ್ದವು! ಕಾದಂಬರಿಯಲ್ಲಿ ವಜ್ರ ವಿಧಿಯಂತೆ ಬಂದು ವಿಧಿಯಂತೆ ಹೋಗುತ್ತದೆ. ಅದನ್ನು ಹುಡುಕುವವರ ಮುಖ ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಅನಂತಪುರದಲ್ಲಿ ಇದ್ದು ಪಾಠ ಹೇಳಿದವರು, ಈ ನೆಲ ಕಂಡವರು; ಆದರೂ ಇಲ್ಲಿನ ಜನ ಅವರಿಗೆ ಒಂದು ಗುಂಪಾಗಿ ಕಂಡರೇ ಹೊರತು ಮನೆಮನೆಯಾಗಿ ಕಾಣಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಕಾಲವನ್ನು ಸರಿಯಾಗಿ ಹಿಡಿದಿದ್ದಾರೆ. ಸರ್ಕಾರು ಜಿಲ್ಲೆಗಳವರಿಗೂ ಸೀಮೆಯವರಿಗೂ ನಡುವಣ ಅಪನಂಬಿಕೆ. ದತ್ತಮಂಡಲ ಎಂಬ ಹೆಸರು ಹೋಗಿ ರಾಯಲಸೀಮೆ ಎಂಬ ಹೆಸರು ಬಂದದ್ದು 1928ರ ನಂದ್ಯಾಲ ಸಭೆಯಲ್ಲಿ. ಶ್ರೀಬಾಗ್ ಒಪ್ಪಂದವಾದದ್ದು 1937ರಲ್ಲಿ. ಆಗ ನಮ್ಮ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅವು ಈ ಕಡೆಗೆ ಬಂದವು, ಬಳ್ಳಾರಿ ಆ ಕಡೆಗೆ ಹೋಯಿತು. ಹೊರಗಿನವನು ಯಾರು, ಒಳಗಿನವನು ಯಾರು ಎಂಬ ಪ್ರಶ್ನೆ ನಮಗೆ ಪುಸ್ತಕದಿಂದ ಕಲಿಯಬೇಕಾದದ್ದಲ್ಲ. ಊರಿಗೆ ಹೊರಗಿನವನನ್ನು ಓಡಿಸಬೇಕಾದಾಗ ಅವನ ಮೇಲೆ ಹೆಂಗಸಿನ ಅಪವಾದ ಹೊರಿಸುವುದು ಎಷ್ಟು ಸುಲಭ ಎಂಬುದನ್ನು ಕಾದಂಬರಿಯ ಕೊನೆಯ ಭಾಗ ತೋರಿಸುತ್ತದೆ. ಅಲ್ಲಿ ನಡಿಗೆಯೂ ಚುರುಕಾಗುತ್ತದೆ. ಅಷ್ಟು ದೂರ ಬರುವ ಓದುಗರು ಎಷ್ಟು ಜನವೋ!

ಹಾಗಾದರೆ ಓದಬೇಡವೇ ಎಂದು ಕೇಳುತ್ತೀರಿ. ಓದಿ. ತೆಲುಗು ಅಕ್ಷರ ನಮಗೆ ಕಷ್ಟವಲ್ಲ, ಸ್ವಲ್ಪ ತಲೆಕಟ್ಟು ಬದಲಾಯಿಸಿಕೊಂಡರೆ ಸಾಕು. ಒಟ್ಟಿಗೆ ಓದಲು ಹೋಗಬೇಡಿ, ಧಾರಾವಾಹಿಯಾಗಿ ಬಂದದ್ದನ್ನು ಧಾರಾವಾಹಿಯ ಹಾಗೆ ಓದಿ, ವಾರಕ್ಕೊಂದು ಅಧ್ಯಾಯ. ದಯಾನಿಧಿಯ ಚಿಂತನೆ ಉದ್ದವಾದಲ್ಲಿ ಪುಟ ತಿರುವಿದರೆ ಯಾರೂ ದಂಡ ಹಾಕುವುದಿಲ್ಲ. ಅಮೃತಂ ಬರುವ ಪುಟಗಳನ್ನು ಮಾತ್ರ ಬಿಡಬೇಡಿ. ಇಡೀ ಪುಸ್ತಕದಲ್ಲಿ ನೆಲದ ಮೇಲೆ ಕಾಲಿಟ್ಟು ನಡೆಯುವವಳು ಅವಳೊಬ್ಬಳೇ. ಗಂಡನ ಮನೆಯನ್ನು ಬಿಟ್ಟು ಹೋಗುವುದಿಲ್ಲ, ನಡೆದ ರಾತ್ರಿಗೆ ಅಳುತ್ತಲೂ ಕೂಡುವುದಿಲ್ಲ, ದಯಾನಿಧಿಯ ಹಾಗೆ ಅದಕ್ಕೆ ತತ್ವವನ್ನೂ ಕಟ್ಟುವುದಿಲ್ಲ. ಅವಳ ಮಾತು ಕಡಿಮೆ, ಅರ್ಧ ನಗೆಯಲ್ಲೇ ಮುಗಿದುಹೋಗುತ್ತದೆ. ಅವಳನ್ನು ಓದುವಾಗ ನನಗೆ ಆ ತಾಯಿಯೂ ಹೀಗೆಯೇ ಇದ್ದಿರಬಹುದೇ ಎನಿಸಿತು. ನಿಮಗೆ ಏನೆನಿಸಿತೆಂದು ಕಾಗದ ಬರೆಯಿರಿ, ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ. ಹೆಂಗಸರು ಬರೆದರೆ ಇನ್ನೂ ಸಂತೋಷ, ಹೆಸರು ಹಾಕಲೇಬೇಕೆಂದಿಲ್ಲ.